ತೋಟಕ್ಕೊಂದು ಗಟ್ಟಿ ಬಾಗಿಲು



ಬೇಲಿಗೆ ಬೇಕಾದಷ್ಟು ಹಣ ಸುರಿದು, ಬಾಗಿಲ ಜಾಗಕ್ಕೆ ಮಾತ್ರ ಒಂದು ಮುಳ್ಳುಕಂಟಿ ಎಳೆದು ಸುಮ್ಮನಾಗುವವರು ನಮ್ಮಲ್ಲಿ ಬಹಳ ಮಂದಿ. ಬೀಡಾಡಿ ದನ ಬೇಲಿ ಹಾರಿ ಬರುವುದಿಲ್ಲ, ಆ ಕಂಟಿ ಸರಿಸಿಕೊಂಡೇ ಬರುತ್ತದೆ. ಒಂದು ರಾತ್ರಿ ಸಾಕು, ಎಳೆಬಾಳೆಯ ಸುಳಿ ಒಂದೂ ಉಳಿಯದು.

ಮರದ ಬಾಗಿಲು ಮಾಡಿಸಿದವರ ದೂರು ಬೇರೆ: "ವರ್ಷದೊಳಗೇ ಜೋತುಬಿತ್ತು ಸ್ವಾಮಿ, ಎತ್ತಿ ಎಳೀಬೇಕು." ಎಳೆಯಲು ಬೇಸರವಾದ ಆಳು ತೆರೆದೇ ಬಿಟ್ಟು ಹೋಗುತ್ತಾನೆ. ತಪ್ಪು ಮರದ್ದಲ್ಲ, ಓರೆಪಟ್ಟಿಯದು. ಹಲಗೆಗಳ ಹಿಂದೆ ಮೇಲೊಂದು ಕೆಳಗೊಂದು ಅಡ್ಡಪಟ್ಟಿ ಹೊಡೆದು, ನಡುವೆ ಓರೆಪಟ್ಟಿ ಕೂರಿಸಬೇಕು. ಅದರ ಬುಡ ಬಿಜಾಗರಿಯ ಕಡೆ ಕೆಳಗಿರಲಿ, ತಲೆ ಚಿಲಕದ ಕಡೆ ಮೇಲಿರಲಿ. ಆಗ ಅದು ಊರುಗೋಲಿನಂತೆ ಬಾಗಿಲಿನ ಭಾರ ಹೊತ್ತು ಕಂಬಕ್ಕೆ ದಾಟಿಸುತ್ತದೆ. ತಿರುಗಾಮುರುಗಾ ಹೊಡೆದರೆ ಭಾರವೆಲ್ಲ ಮೊಳೆಗಳನ್ನು ಜಗ್ಗಿ ಸಡಿಲ ಮಾಡುತ್ತದೆ. ಬಡಗಿಯ ಎದುರಿಗೇ ನಿಂತು ಇದೊಂದನ್ನು ನೋಡಿಕೊಳ್ಳಿ. ಮೊಳೆಯ ಆಚೆ ಬಂದ ತುದಿಯನ್ನೂ ಮಡಿಸಿ ಬಡಿಯಲಿ.

ಹೊನ್ನೆ, ಮತ್ತಿ, ಹಲಸು ಯಾವುದಾದರೂ ಸರಿಯೇ, ಚೇಗು ಇರಲಿ. ಹೊರಗಿನ ಬಿಳಿಮರ ಗೆದ್ದಲಿಗೆ ಹಬ್ಬದೂಟ! ಹಸಿ ಹಲಗೆ ಬೇಡವೇ ಬೇಡ. ಒಣಗಿದ್ದೂ ಮಳೆಗೆ ಉಬ್ಬುತ್ತದಾದ್ದರಿಂದ ಹಲಗೆಗಳ ನಡುವೆ ಕಾಲಂಗುಲ ಸಂದು ಬಿಡಿ.

4 ಅಡಿ ಅಗಲದ ಬಾಗಿಲಿಗೆ ಕಂಬವನ್ನು 2½ ಅಡಿಯಾದರೂ ಹೂಳಿ, ಸುತ್ತ ಕಲ್ಲು ತುಂಬಿ ದಿಮ್ಮಸು ಹೊಡೆಯಿರಿ. ಕಲ್ಲುಕಂಬ ಸಿಗುವ ಕೋಲಾರದ ಕಡೆಯವರಿಗೆ ಅದೇ ಮೇಲು. ಕಬ್ಬಿಣದ ಪಟ್ಟಿ ಸುತ್ತಿ ಬಿಜಾಗರಿ ಬಿಗಿಯಬಹುದು. ಗಾಡಿ ಹೋಗಬೇಕೆಂದರೆ 8 ಅಡಿ ಬಿಡಿ, ಎರಡು ಕದ ಮಾಡಿಸಿ. ಕದದ ಅಡಿ ನೆಲದಿಂದ 2 ಅಂಗುಲ ಮೇಲಿರಲಿ, ಇಲ್ಲವಾದರೆ ಮಳೆಗಾಲದ ಕೆಸರಿಗೆ ಹಲಗೆಯ ತುದಿ ಕೊಳೆಯುತ್ತದೆ.