ನಾಡನ್ನು ಕೂಡಿಸಿದ ರಂಗಭೂಮಿ ಮತ್ತು ನಾವು ತೀರಿಸಬೇಕಾದ ಋಣ

(ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನೆರೆದ ನಾಟಕಾಭಿಮಾನಿಗಳ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ನಮ್ಮೂರಿನಿಂದ ಮೂರು ಹರಿದಾರಿ ನಡೆದರೆ ಹರಿಹರ. ಅಲ್ಲಿಯ ತುಂಗಭದ್ರೆಯ ಸೇತುವೆಯ ಮೇಲೆ ನಿಂತವನಿಗೆ ಈಗ ಎರಡು ದಂಡೆಗಳೂ ಒಂದೇ ನಾಡಾಗಿ ತೋರುತ್ತವೆ. 1947ಕ್ಕೆ ಮೊದಲು ಹಾಗಿರಲಿಲ್ಲ. ಈ ದಂಡೆಯು ಮೈಸೂರು ಸಂಸ್ಥಾನ. ಆ ದಂಡೆಯ ರಾಣೇಬೆನ್ನೂರು ಮುಂಬಯಿ ಪ್ರಾಂತ. ಇತ್ತ ಹೊರಳಿದರೆ ಹರಪನಹಳ್ಳಿಯು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿ. ಹೊಳೆಯ ಗುಂಟ ಇನ್ನೂ ಮುಂದೆ ಸಾಗಿದರೆ ಕೊಪ್ಪಳವು ನಿಜಾಮರ ಸೀಮೆಯಲ್ಲಿ. ಒಂದೇ ನುಡಿಯನ್ನಾಡುವ, ಒಂದೇ ಹೊಳೆಯ ನೀರನ್ನು ಕುಡಿಯುವ ಜನರಿಗೆ ನಾಲ್ಕು ದೊರೆತನ, ನಾಲ್ಕು ಬಗೆಯ ಕಾಯಿದೆ!

ಈ ಗಡಿಗಳನ್ನು ಲೆಕ್ಕಿಸದೆ ಕನ್ನಡ ನಾಡೆಲ್ಲ ಒಂದೇ ಎಂದು ನಡೆದು ತೋರಿಸಿದವರು ಯಾರು? ಮುಖಂಡರು ಸಭೆಗಳಲ್ಲಿ ಹೇಳಿದರು, ಲೇಖಕರು ಪತ್ರಿಕೆಗಳಲ್ಲಿ ಬರೆದರು, ಅದು ನಿಜವೇ. ಆದರೆ ಅಕ್ಷರ ಬಾರದ ಒಕ್ಕಲಿಗನ ಕಿವಿಗೆ ಆ ಮಾತನ್ನು ಮುಟ್ಟಿಸಿದವರು ನಾಟಕದವರು. ಮರಾಠಿ ನಾಟಕಗಳ ಪ್ರಭಾವವು ಉತ್ತರದ ಕನ್ನಡ ಸೀಮೆಯನ್ನು ಆವರಿಸಿದ್ದ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಗದಗಿನಲ್ಲಿ ಶಾಂತಕವಿಗಳೆನಿಸಿದ ಸಕ್ಕರಿ ಬಾಳಾಚಾರ್ಯರು ಕನ್ನಡ ನಾಟಕಗಳನ್ನು ಬರೆದು ಆಡಿಸಿದರು. ಇತ್ತ ಮೈಸೂರು ಸೀಮೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಕಂಪೆನಿಯು ವೀರಣ್ಣನವರ ಕೈಯಲ್ಲಿ ನಾಡಿನ ಮೂಲೆ ಮೂಲೆಗೂ ಹೆಸರಾಯಿತು. ಬೆಳಗಾವಿ ಸೀಮೆಯ ಏಣಗಿ ಬಾಳಪ್ಪನವರು 1914ರಲ್ಲಿ ಹುಟ್ಟಿ 2017ರವರೆಗೆ ಬಾಳಿ, ಬಾಲ್ಯದಿಂದಲೂ ರಂಗಸೇವೆಯಲ್ಲಿಯೇ ಆಯುಷ್ಯವನ್ನು ಸವೆಸಿದರು. ನಮ್ಮ ದಾವಣಗೆರೆಯ ಪಾಲೇನು ಕಡಿಮೆಯದೆ? ಚಿಂದೋಡಿ ವೀರಪ್ಪನವರು 1928ರಲ್ಲಿ ಕಟ್ಟಿದ ಶ್ರೀ ಗುರು ಕರಿಬಸವ ರಾಜೇಂದ್ರ ನಾಟಕ ಮಂಡಳಿಯನ್ನು ಮೂರು ಅಕ್ಷರಗಳಲ್ಲಿ ಕೆ.ಬಿ.ಆರ್. ಎಂದರೆ ಅರಿಯದ ಹಳ್ಳಿ ಈ ಪ್ರಾಂತದಲ್ಲಿ ವಿರಳ. ಅವರ ಮಗಳು ಚಿಂದೋಡಿ ಲೀಲಾ ಅವರು ಬಣ್ಣ ಹಚ್ಚಿದ್ದಷ್ಟೇ ಅಲ್ಲ, ಹೆಣ್ಣಾಗಿ ಕಂಪೆನಿಯ ಭಾರವನ್ನೂ ಹೊತ್ತರು. 1988ರಲ್ಲಿ ಪದ್ಮಶ್ರೀ ಪಡೆದು, 2010ರಲ್ಲಿ ನಮ್ಮನ್ನಗಲಿದರು.

1953ರಲ್ಲಿ ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರಿದವು. 1956ರ ನವೆಂಬರ್ 1ರಂದು ಮಿಕ್ಕ ಸೀಮೆಗಳೂ ಕೂಡಿದವು. 1973ರಲ್ಲಿ ಕರ್ನಾಟಕವೆಂಬ ಹೆಸರು ಬಂದಿತು. ಕಾಗದದ ಮೇಲೆ ಈ ಕೂಟ ನಡೆಯುವುದಕ್ಕೆ ಎಷ್ಟೋ ವರ್ಷಗಳ ಮೊದಲೇ ಜಾತ್ರೆಯ ಬಯಲಿನ ಡೇರೆಯೊಳಗೆ ಅದು ನಡೆದುಹೋಗಿತ್ತೆಂದು ನಾನು ಹೇಳಿದರೆ ಅತಿಶಯೋಕ್ತಿಯಾಗಲಾರದು. ಧಾರವಾಡದ ಕಡೆಯ ಮಾತಿಗೆ ಮೈಸೂರಿನವನು ನಕ್ಕನು. ಮೈಸೂರಿನ ಕಡೆಯ ಹಾಡಿಗೆ ರಾಯಚೂರಿನವನು ತಲೆದೂಗಿದನು. ಒಂದಾಗುವುದೆಂದರೆ ಇನ್ನೇನು?

ನಾಟಕದ ಈ ಬಲವನ್ನು ಪರಕೀಯ ಸರ್ಕಾರವು ನಮಗಿಂತ ಮೊದಲೇ ಅರಿತಿತ್ತು. ಆದುದರಿಂದಲೇ 1876ರಲ್ಲಿ, ತನಗೆ ಒಲ್ಲದ ನಾಟಕವನ್ನು ನಿಷೇಧಿಸುವ ಅಧಿಕಾರಕ್ಕಾಗಿ ಪ್ರತ್ಯೇಕ ಶಾಸನವನ್ನೇ ಮಾಡಿತು. ಸ್ವತಂತ್ರ ಭಾರತದಲ್ಲಿಯೂ ಅದು ಪುಸ್ತಕದಲ್ಲಿ ಉಳಿದು, 2018ರಲ್ಲಿ ರದ್ದಾಯಿತು. ಅರಸರ ಹೆದರಿಕೆಯು ಹೀಗೆ ಕೊನೆಗಂಡಿತು. ಆದರೆ ಮಹನೀಯರೇ, ರಂಗದ ಮೇಲೆ ದುಡಿಯುವವರ ಹೆದರಿಕೆಯು ಕೊನೆಗಂಡಿದೆಯೆ? ಈ ಪ್ರಶ್ನೆಯನ್ನು ಕೇಳುವುದಕ್ಕಾಗಿಯೇ ನಾನು ಇಂದು ಎದ್ದು ನಿಂತಿದ್ದೇನೆ.

ನಮ್ಮ ಹಳ್ಳಿಗಳಲ್ಲಿ ನಾಟಕವು ಸತ್ತಿಲ್ಲ. ಸುಗ್ಗಿ ಮುಗಿದು ಜಾತ್ರೆ ಬಂದಿತೆಂದರೆ, ಊರ ಹುಡುಗರು ಗುಡಿಯ ಕಟ್ಟೆಯ ಮೇಲೆ ರಾತ್ರಿ ತಾಲೀಮು ಹೂಡುತ್ತಾರೆ. ಹಾರ್ಮೋನಿಯಂ ಮಾಸ್ತರರು ಬಂದು ಹಾಡು ಕಲಿಸುತ್ತಾರೆ. ಪರದೆ, ವೇಷಭೂಷಣಗಳು ಪಟ್ಟಣದಿಂದ ಬಾಡಿಗೆಗೆ ಬರುತ್ತವೆ. ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ನಾಟಕವು 1974ರಲ್ಲಿ ಚಲಚ್ಚಿತ್ರವಾಗಿ ಪಟ್ಟಣಗಳನ್ನು ಗೆದ್ದಿತು. ಆದರೂ ಹಳ್ಳಿಯವರು ಅದನ್ನು ಬಿಡದೆ ತಾವೇ ಆಡಿದರು. ಇದೆಲ್ಲವೂ ಹೆಮ್ಮೆಯ ಸಂಗತಿಯೇ.

ಆದರೆ ಸ್ತ್ರೀಪಾತ್ರಗಳಿಗೆ ನಾವು ಕರೆಸುವ ಹೆಣ್ಣುಮಕ್ಕಳ ಗತಿಯೇನು? ದಾವಣಗೆರೆಯಿಂದ, ಮರಿಯಮ್ಮನಹಳ್ಳಿಯಿಂದ, ದೂರದೂರದ ಊರುಗಳಿಂದ ಅವರು ಬರುತ್ತಾರೆ. ಬಸ್ಸಿಳಿದು ಬಂದವರಿಗೆ ಬಟ್ಟೆ ಬದಲಿಸಲು ಮರೆಯಿಲ್ಲ. ಆಟ ಮುಗಿದ ಬೆಳಗಿನ ಜಾವದಲ್ಲಿ ಒರಗಲು ಕೋಣೆಯಿಲ್ಲ. ರಂಗದ ಮೇಲೆ ಅವರನ್ನು ತಾಯಿಯೆಂದು ಕರೆದು ಕಣ್ಣೀರಿಟ್ಟವನೇ ರಂಗದಿಂದಿಳಿದ ಮೇಲೆ ಹಗುರವಾದ ಮಾತನ್ನಾಡುತ್ತಾನೆ. ಆಯೇರಿಯ ನೆವದಲ್ಲಿ ಕುಡಿದವರು ರಂಗವೇರುತ್ತಾರೆ. ಒಪ್ಪಿದ ಹಣದಲ್ಲಿ ಅರ್ಧ ಕೈಗೆ ಬಂದರೆ, ಮಿಕ್ಕ ಅರ್ಧಕ್ಕೆ ‘ಚಂದಾ ಕೂಡಲಿಲ್ಲ’ ಎಂಬ ಉತ್ತರ. ನಾಡನ್ನು ಕೂಡಿಸಿದ ಕಲೆಗೆ ನಾಡಿನವರು ಕೊಡುವ ಸಂಭಾವನೆ ಇದೆಯೆ?

ನ್ಯಾಯಾಲಯದ ಅನುಭವದಿಂದ ಒಂದು ಮಾತು ಹೇಳುತ್ತೇನೆ. 1872ರ ಕರಾರು ಶಾಸನದಂತೆ ಬಾಯಿಮಾತಿನ ಕರಾರೂ ಸಿಂಧುವೇ. ಆದರೆ ಅದನ್ನು ರುಜುವಾತುಪಡಿಸುವವರು ಯಾರು? ಸಾಕ್ಷಿ ಹೇಳಬೇಕಾದವರೆಲ್ಲ ಆ ಊರಿನವರೇ. ಕೇಳಬೇಕಾದವಳು ಒಬ್ಬಳೇ, ಪರಸ್ಥಳದವಳು. ಆದುದರಿಂದ ಒಂದು ಹಾಳೆಯ ಬರವಣಿಗೆ ಅವಶ್ಯವಾಗಿ ಬೇಕು. ಅದರಲ್ಲಿ ಆರೇ ಸಂಗತಿಗಳಿರಲಿ: ಒಪ್ಪಿದ ಮೊತ್ತವೆಷ್ಟು, ಮುಂಗಡವೆಷ್ಟು, ಮಿಕ್ಕುದು ತೆರೆಯೇಳುವ ಮೊದಲೇ ಸಲ್ಲತಕ್ಕದ್ದು, ಇಳಿದುಕೊಳ್ಳಲು ಕೋಣೆ, ಹಿಂದಿರುಗಲು ವಾಹನ, ರಂಗದ ಮೇಲೆ ಪಾತ್ರಧಾರಿಗಳ ಹೊರತು ಇತರರು ಕಾಲಿಡಕೂಡದು. ಊರಿನ ಇಬ್ಬರು ಹಿರಿಯರು ರುಜು ಹಾಕಲಿ. ಇದಕ್ಕೆ ದೊಡ್ಡ ವಕೀಲರೂ ಬೇಡ, ಖರ್ಚೂ ಇಲ್ಲ. ಬೇಕಾದುದು ಮನಸ್ಸು ಮಾತ್ರ. ವೃತ್ತಿ ರಂಗಭೂಮಿಗಾಗಿಯೇ ಸರ್ಕಾರವು ನಮ್ಮೂರಿನಲ್ಲಿ ರಂಗಾಯಣವನ್ನು ಸ್ಥಾಪಿಸಿದೆಯಷ್ಟೆ. ಇಂಥ ಕರಾರಿನ ಮಾದರಿಯನ್ನು ಅಚ್ಚು ಹಾಕಿಸಿ ಹಳ್ಳಿ ಹಳ್ಳಿಗೂ ಹಂಚುವ ಕಾರ್ಯವನ್ನು ಅದು ಕೈಕೊಳ್ಳಲೆಂದು ಬೇಡಿಕೊಳ್ಳುತ್ತೇನೆ.

ಕೆಲವರು ಕೇಳಬಹುದು: ‘ಇಷ್ಟೆಲ್ಲ ಕಟ್ಟುಪಾಡು ಮಾಡಿದರೆ ಬಡ ಹಳ್ಳಿಯವರು ನಾಟಕವನ್ನೇ ಬಿಟ್ಟಾರಲ್ಲ?’ ಎಂದು. ಮಂಟಪ, ದೀಪ, ಧ್ವನಿವರ್ಧಕಗಳಿಗೆ ಮುಂಗಡವಾಗಿ ಹಣ ಕೊಡುವ ಊರಿಗೆ ಮನುಷ್ಯರಿಗೆ ಕೊಡುವಾಗ ಮಾತ್ರ ಬಡತನ ಬರುವುದೆ? ಹಾಗೆಯೇ ಬಿಟ್ಟರೆ ಆಗುವುದಿಷ್ಟೆ: ತಾಯಂದಿರು ತಮ್ಮ ಹೆಣ್ಣುಮಕ್ಕಳನ್ನು ಈ ಕಸುಬಿಗೆ ಕಳಿಸರು, ರಂಗವು ತಾನಾಗಿಯೇ ಬರಿದಾಗುವುದು.

ಹರಪನಹಳ್ಳಿಯು 1997ರಲ್ಲಿ ನಮ್ಮ ಹೊಸ ಜಿಲ್ಲೆಗೆ ಸೇರಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತು. ಗಡಿಗಳು ಹೀಗೆಯೇ ಬರುತ್ತವೆ, ಹೋಗುತ್ತವೆ. ಅಲ್ಲಿಯ ಜಾತ್ರೆಗೆ ಇಲ್ಲಿಯ ನಟಿ ಹೋಗುವುದು ನಿಂತಿಲ್ಲ; ನಿಲ್ಲಲೂಕೂಡದು. ಅವಳು ನಿರ್ಭಯವಾಗಿ ಹೋಗಿ, ಮರ್ಯಾದೆಯಿಂದ ದುಡಿದು, ಪೂರ್ತಿ ಹಣದೊಡನೆ ಮನೆಗೆ ಮರಳಿದ ದಿನವೇ ಈ ಏಕೀಕರಣವು ಸಾರ್ಥಕವಾಯಿತೆಂದು ನಾನು ತಿಳಿಯುತ್ತೇನೆ. ಬರುವ ದುಗ್ಗಮ್ಮನ ಜಾತ್ರೆಯೊಳಗಾಗಿ ನಿಮ್ಮ ನಿಮ್ಮ ಊರಿನಲ್ಲಿ ಇದನ್ನು ಆಚರಣೆಗೆ ತರುವಿರೆಂದು ನಂಬಿ, ನನ್ನ ಮಾತನ್ನು ಮುಗಿಸುತ್ತೇನೆ.

ಕನ್ನಡ ತಾಯಿಗೆ ಜಯವಾಗಲಿ.