ಟಕ್ ಅಂದ್ರೆ ಲಾಕ್ ಆಯ್ತಾ?

ಬಳ್ಳಾರಿಯ ಪಾರ್ವತಿನಗರದಲ್ಲಿ ಅಪ್ಪ ನನ್ನ ಬೈಕ್ ಹಿಂದೆ ಕೂತು ಒರಗಿದರು. ಹೊಸದಾಗಿ ಹಾಕಿಸಿದ್ದ ಬ್ಯಾಕ್‌ರೆಸ್ಟ್ ಸೀದಾ ಕ್ಯಾರಿಯರ್ ಮೇಲೆ ಮಲಗಿಬಿಟ್ಟಿತು! ಗಾಡಿ ಇನ್ನೂ ಹೊರಟಿರಲಿಲ್ಲ, ಬಚಾವಾದರು.

ಎಂಜಿನಿಯರಿಂಗ್ ಓದಿದ್ದಕ್ಕೆ ಬಿಚ್ಚಿ ನೋಡಿದೆ. ಸ್ಪ್ರಿಂಗ್ ಪಿನ್ ತೂತಿನೊಳಗೆ ಅರ್ಧವೇ ಇಳಿದಿತ್ತು. ಅರ್ಧ ಇಳಿದರೂ ಟಕ್ ಅನ್ನುತ್ತೆ! ಗಾಡಿ ಅದುರಿದರೆ ಅದೂ ಜಾರುತ್ತೆ. ಅಂಗಡಿಯವರು, ‘ಎಲ್ಲಾ ಹಂಗೇ ಸಾರ್’ ಅಂದರು.

ಹಂಗೇ ಅಂದ್ರೆ ಹೆಂಗೆ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಹಿಂಬದಿ ಸವಾರರಿಗೆ ಹಿಡಿಕೆ, ಫುಟ್‌ರೆಸ್ಟ್ ಕಡ್ಡಾಯ. ದೋಷವಿರುವ ವಸ್ತುವಿನಿಂದ ಗಾಯವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತಯಾರಕರಿಂದ ಪರಿಹಾರ ಕೇಳಬಹುದು. ಬಿಲ್ ಜೋಪಾನವಾಗಿಡಿ.

ಅದಕ್ಕೂ ಮೊದಲು, ಯಾರನ್ನಾದರೂ ಕೂರಿಸುವಾಗ ಬ್ಯಾಕ್‌ರೆಸ್ಟನ್ನು ಒಮ್ಮೆ ಜೋರಾಗಿ ಹಿಂದಕ್ಕೆ ಜಗ್ಗಿ ನೋಡಿ. ಹಿಂದೆ ಕೂರೋದು ನಮ್ಮನೆಯವರೇ ಅಲ್ವಾ?