ಪುಸ್ತಕ ಮುಚ್ಚಿದ ಮೇಲೆ

ನಡುವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾದವನು ಮನೆಯಲ್ಲಿ ಎಲ್ಲಿ ಕುಳಿತು ಓದಬೇಕು? ಇದೇನು ದೊಡ್ಡ ಪ್ರಶ್ನೆಯೆಂದು ನೀವು ಕೇಳಬಹುದು. 1987ರಲ್ಲಿ, ನನ್ನ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಕನ್ನಡ ಎಂ.ಎ. ಪದವಿಗೆಂದು ಅಂಚೆ ಶಿಕ್ಷಣಕ್ಕೆ ಹೆಸರು ಹಚ್ಚಿದಾಗ ನನಗೆ ಮೊದಲು ಎದುರಾದದ್ದು ಈ ಪ್ರಶ್ನೆಯೇ. ಮನೆಯಲ್ಲಿದ್ದುದು ಒಂದೇ ಮೇಜು. ಅದು ಎಂಟನೆಯ ತರಗತಿಯ ಮಗನದು. ಅವನು ಅಲ್ಲಿ ಬೀಜಗಣಿತ ಬಿಡಿಸುತ್ತಿರುವಾಗ, ತಾಲ್ಲೂಕು ಕಚೇರಿಯ ಗುಮಾಸ್ತನಾದ ತಂದೆ ಪಕ್ಕದಲ್ಲಿ ಕುಳಿತು ಶಬ್ದಮಣಿದರ್ಪಣವನ್ನು ಬಿಡಿಸಿದರೆ ಸಂಕೋಚವಾಗದೆ ಇದ್ದೀತೆ? ಕೊನೆಗೆ ಅಡುಗೆಮನೆಯ ಹೊಸ್ತಿಲ ಬಳಿ ಚಾಪೆ ಹಾಸಿಕೊಂಡೆ. ಅದೇ ನನಗೆ ಒಳಿತಾಯಿತೆಂಬುದು ತಿಳಿಯಲು ಒಂದು ವರ್ಷ ಹಿಡಿಯಿತು.

ಅಂಚೆಯ ಮೂಲಕ ಪಾಠ ಕಲಿಸುವ ವ್ಯವಸ್ಥೆಯನ್ನು ಮೈಸೂರು ವಿಶ್ವವಿದ್ಯಾನಿಲಯ ಆರಂಭಿಸಿದ್ದು 1969ರಲ್ಲಿ. 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಹುಟ್ಟಿದ್ದು ಅದರಿಂದಲೇ. ಹಗಲು ದುಡಿದು ರಾತ್ರಿ ಓದಬೇಕಾದ ನನ್ನಂಥವರಿಗೆ ಇದು ತೆರೆದ ಬಾಗಿಲು. ಆದರೆ ಬಾಗಿಲು ದಾಟಿದವನಿಗೆ ಓದುವುದು ಹೇಗೆಂದು ಗೊತ್ತಿರಬೇಕಲ್ಲ! ಬಿ.ಎ. ಮುಗಿಸಿ ಹದಿನೇಳು ವರ್ಷಗಳಾಗಿದ್ದವು. ಓದುವುದನ್ನು ಮರೆತಿದ್ದೇನೆಂಬುದನ್ನು ಸಹ ನಾನು ಮರೆತಿದ್ದೆ.

ಓದಿದ್ದು ಕಡಿಮೆಯೇನಲ್ಲ. ಭಾನುವಾರ ಊಟವಾದ ಮೇಲೆ ಪಟ್ಟಾಗಿ ನಾಲ್ಕು ಗಂಟೆ ಕೂರುತ್ತಿದ್ದೆ. ಕಚೇರಿಯ ಕಡತಗಳಿಗೆ ಬಳಸುವ ಕೆಂಪು-ನೀಲಿ ಪೆನ್ಸಿಲನ್ನೇ ಪಠ್ಯಕ್ಕೂ ಹಚ್ಚಿದೆ. ಮೊದಲ ಓದಿಗೆ ನೀಲಿ ಗೆರೆ, ಎರಡನೆಯದಕ್ಕೆ ಕೆಂಪು. ಮೂರನೆಯ ಓದಿನ ಹೊತ್ತಿಗೆ ಗೆರೆಯಿಲ್ಲದ ಸಾಲೇ ಉಳಿಯಲಿಲ್ಲ. ಪ್ರತಿಯೊಂದು ವಾಕ್ಯವೂ ಹಳೆಯ ನೆಂಟನಂತೆ ನಕ್ಕು ಮುಖ ತೋರಿಸುತ್ತಿತ್ತು. ಎಲ್ಲವೂ ಬಂತೆಂದು ನಂಬಿದೆ. ಸಂತೆಯಲ್ಲಿ ಎದುರಾದವರ ಮುಖದ ಗುರುತು ಹತ್ತುತ್ತದೆ, ಹೆಸರು ಮಾತ್ರ ನಾಲಗೆಗೆ ಬಾರದು. ನನ್ನ ವಿದ್ಯೆಯೂ ಅಂಥದೇ ಆಗಿತ್ತೆಂದು ತಿಳಿದದ್ದು ಪರೀಕ್ಷೆಯ ಕೊಠಡಿಯಲ್ಲಿ.

ಒಂದು ವೃತ್ತವನ್ನು ಕೊಟ್ಟು, ಪ್ರಸ್ತಾರ ಹಾಕಿ ಛಂದಸ್ಸನ್ನು ಹೆಸರಿಸಿರೆಂದು ಕೇಳಿದ್ದರು. ಎಣಿಸಿದೆ, ಪಾದಕ್ಕೆ ಇಪ್ಪತ್ತು ಅಕ್ಷರ. ಉತ್ಪಲಮಾಲೆಗೂ ಇಪ್ಪತ್ತು, ಮತ್ತೇಭವಿಕ್ರೀಡಿತಕ್ಕೂ ಇಪ್ಪತ್ತು. ಯಾವುದಕ್ಕೆ ಯಾವ ಗಣ? ಕೆಂಪು ಗೆರೆಗಳು ಕಣ್ಣ ಮುಂದೆ ಬಂದವು. ಗೆರೆಯ ಮೇಲಿದ್ದ ಅಕ್ಷರಗಳು ಬರಲಿಲ್ಲ. ಉಳಿದ ಪತ್ರಿಕೆಗಳಲ್ಲಿ ಹೇಗೋ ದಡ ಸೇರಿದೆ. ವ್ಯಾಕರಣ-ಛಂದಸ್ಸಿನ ಪತ್ರಿಕೆಯಲ್ಲಿ 11 ಅಂಕಗಳಿಂದ ನಪಾಸಾದೆ. ಹದಿನೆಂಟರ ಹುಡುಗ ನಪಾಸಾದರೆ ಮನೆಯವರು ಬಯ್ಯುತ್ತಾರೆ, ಮುಗಿಯಿತು. ನಲವತ್ತರವನನ್ನು ಯಾರೂ ಬಯ್ಯುವುದಿಲ್ಲ. “ಏನು ರಾಯರೇ, ಕೇಶಿರಾಜ ಕೈಕೊಟ್ಟನಂತೆ?” ಎಂದು ಕಚೇರಿಯಲ್ಲಿ ಒಬ್ಬರು ನಗುತ್ತಾ ಕೇಳಿದರು. ಅಂದು ಸಂಜೆ ಪುಸ್ತಕಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಏರಿಸಿದೆ.

ಇಳಿಸಿದವಳು ನನ್ನ ಹೆಂಡತಿ. ಅವಳ ಓದು ಏಳನೆಯ ತರಗತಿಗೆ ನಿಂತಿತ್ತು. ಒಂದು ರಾತ್ರಿ ಅವರೆಕಾಯಿ ಸುಲಿಯುತ್ತಾ ಕುಳಿತಿದ್ದವಳು ಪುಸ್ತಕವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, “ರೀ, ಇದರಲ್ಲಿ ಏನಿದೆ ಹೇಳಿ ನೋಡೋಣ” ಎಂದಳು. ಸಂಧಿಗಳ ಮಾತು ಎತ್ತಿದೆ. ಎರಡು ವಾಕ್ಯಕ್ಕೆ ನಿಂತುಹೋದೆ. ಅವಳಿಗೆ ಹಳಗನ್ನಡ ತಿಳಿಯದು; ಆದ್ದರಿಂದ ನನ್ನ ಅರೆಬರೆ ಮಾತನ್ನು ತಾನೇ ಪೂರ್ತಿಮಾಡಿಕೊಳ್ಳುವ ಔದಾರ್ಯವೂ ಅವಳಲ್ಲಿರಲಿಲ್ಲ. ಲೋಪವೆಂದರೇನು, ಆದೇಶವೆಂದರೇನು ಎಂದು ಹಿಡಿದು ಕೇಳಿದಳು. ಬೇರೆ ದಾರಿ ಕಾಣದೆ ಕಚೇರಿಯ ಭಾಷೆಯಲ್ಲಿ ಹೇಳಿದೆ: ಇಬ್ಬರ ನಡುವೆ ಹೊಸಬನೊಬ್ಬ ಬಂದು ಸೇರಿದರೆ ಆಗಮ, ಮನೆ-ಅನ್ನು ಸೇರಿ ಮನೆಯನ್ನು ಆದಂತೆ, ಒಬ್ಬನಿಗೆ ವರ್ಗವಾಗಿ ಅವನ ಕುರ್ಚಿಗೆ ಮತ್ತೊಬ್ಬ ಬಂದರೆ ಆದೇಶ, ಮಳೆ-ಕಾಲ ಮಳೆಗಾಲವಾದಂತೆ, ಹುದ್ದೆಯೇ ರದ್ದಾದರೆ ಲೋಪ, ಊರು-ಅಲ್ಲಿ ಊರಲ್ಲಿ ಆದಂತೆ. ಅವಳು ನಕ್ಕಳು. ನನಗೆ ಮಾತ್ರ ಆ ಮೂರು ಸಂಧಿಗಳು ಅಂದಿನಿಂದ ಇಂದಿನವರೆಗೂ ಮರೆತಿಲ್ಲ. ವಯಸ್ಸಾದವನ ಬಂಡವಾಳವೆಂದರೆ ಇದೇ ಇರಬೇಕು: ಹೊಸದನ್ನು ತೂಗುಹಾಕಲು ಅವನ ಗೋಡೆಯಲ್ಲಿ ಹಳೆಯ ಮೊಳೆಗಳು ಬೇಕಾದಷ್ಟಿರುತ್ತವೆ.

ಅಂದಿನಿಂದ ಕ್ರಮ ಬದಲಾಯಿತು. ಬೆಳಗಿನ ಐದಕ್ಕೆ ಎದ್ದು ನಲವತ್ತು ನಿಮಿಷ ಓದು. ರಾತ್ರಿ ಪುಸ್ತಕ ಅವಳ ತೊಡೆಗೆ, ಪರೀಕ್ಷೆ ನನಗೆ. ತಪ್ಪಿದ ಕಡೆ ಅಂಚಿನಲ್ಲಿ ತಾರೀಖು ಬರೆದು ಮರುದಿನ, ವಾರ ಕಳೆದು, ತಿಂಗಳು ಕಳೆದು ಮತ್ತೆ ಕೇಳಿಸಿಕೊಳ್ಳುತ್ತಿದ್ದೆ. ಛಂದಸ್ಸಿಗೆ ಇನ್ನೊಂದು ಉಪಾಯ ಹೊಳೆಯಿತು. ಪುಸ್ತಕದಲ್ಲಿ ಚಂಪಕಮಾಲೆಯ ಪದ್ಯಗಳೆಲ್ಲ ಚಂಪಕಮಾಲೆಯೆಂಬ ಶೀರ್ಷಿಕೆಯ ಕೆಳಗೇ ಇರುತ್ತವೆ. ಓದುಗ ಗುರುತಿಸುವುದು ಶೀರ್ಷಿಕೆಯನ್ನು, ವೃತ್ತವನ್ನಲ್ಲ. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಖಾಲಿ ಬೆನ್ನಿನ ಮೇಲೆ ಆರು ಖ್ಯಾತ ವೃತ್ತಗಳ ಪದ್ಯಗಳನ್ನು ಒಂದೊಂದಾಗಿ ಬರೆದು ಇಸ್ಪೀಟಿನಂತೆ ಕಲೆಸಿದೆ. ಹಾಗೆ ಕಲೆಸಿದಾಗಲೇ ವ್ಯತ್ಯಾಸಗಳು ಕಣ್ಣಿಗೆ ಹೊಡೆದವು. ಉತ್ಪಲಮಾಲೆ ಗುರುವಿನಿಂದ ಹೊರಟರೆ ಮತ್ತೇಭ ಎರಡು ಲಘುಗಳಿಂದ ಹೊರಡುತ್ತದೆ. ಚಂಪಕಮಾಲೆಗೂ ಸ್ರಗ್ಧರೆಗೂ ಇಪ್ಪತ್ತೊಂದೇ ಅಕ್ಷರವಾದರೂ ಮೊದಲಿನದು ನಾಲ್ಕು ಲಘುಗಳನ್ನು ಚೆಲ್ಲಿಕೊಂಡು ಓಡಿಬರುತ್ತದೆ. ಎರಡನೆಯದು ನಾಲ್ಕು ಗುರುಗಳನ್ನು ಊರಿ ನಿಧಾನವಾಗಿ ಹೆಜ್ಜೆಯಿಡುತ್ತದೆ.

ನಾವು ಚಾಪೆಯ ಮೇಲೆ ಕಂಡುಕೊಂಡದ್ದನ್ನು ವಿದ್ವಾಂಸರು ಅಳತೆಮಾಡಿ ಹೇಳಿದ್ದಾರೆಂದು ಬಹಳ ವರ್ಷಗಳ ತರುವಾಯ ಓದಿದೆ. ಜರ್ಮನಿಯ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಬಾಯಿಪಾಠಮಾಡಿ, ತನ್ನ ಮರೆವನ್ನೇ ಅಳೆದು 1885ರಲ್ಲಿ ಪುಸ್ತಕ ಪ್ರಕಟಿಸಿದ. ಮರೆವು ಮೊದಲು ಧಾವಿಸುತ್ತದೆ, ಆಮೇಲೆ ಕುಂಟುತ್ತದೆ ಎಂಬುದು ಅವನು ಕಂಡದ್ದು; ಹಾಗೆಂದ ಮೇಲೆ ಮರುದಿನದ ಪುನರಾವೃತ್ತಿಗೆ ಬೆಲೆ ಹೆಚ್ಚಲ್ಲವೆ? 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬವರು ವಿದ್ಯಾರ್ಥಿಗಳಿಗೆ ಗದ್ಯಭಾಗ ಕೊಟ್ಟು, ಕೆಲವರಿಂದ ನಾಲ್ಕು ಸಲವೂ ಓದಿಸಿದರು. ಕೆಲವರಿಂದ ಒಮ್ಮೆ ಓದಿಸಿ, ಮೂರು ಸಲ ನೋಡದೆ ನೆನಪಿನಿಂದ ಬರೆಸಿದರು. ಐದು ನಿಮಿಷದ ಬಳಿಕ ಕೇಳಿದಾಗ ಓದಿದವರೇ ಮುಂದು. ವಾರದ ಬಳಿಕ ಓದಿದವರಲ್ಲಿ ಉಳಿದದ್ದು ಶೇಕಡಾ 40, ಬರೆದವರಲ್ಲಿ ಶೇಕಡಾ 61. ತಮಗೆ ಚೆನ್ನಾಗಿ ನೆನಪಿರುತ್ತದೆಂದು ಹೆಚ್ಚು ಧೈರ್ಯದಿಂದ ಹೇಳಿದವರು ಬರೇ ಓದಿದವರೇ ಆಗಿದ್ದರಂತೆ! ನನ್ನ ಕೆಂಪು-ನೀಲಿ ಪೆನ್ಸಿಲು ನೆನಪಾಯಿತು.

ಆದರೂ ಒಂದು ಮಾತು ಅವರ ಲೆಕ್ಕಕ್ಕೆ ಸಿಕ್ಕದು. ಪುಸ್ತಕ ಮುಚ್ಚಿ ತನ್ನನ್ನು ತಾನು ಕೇಳಿಕೊಳ್ಳುವುದೆಂದರೆ, ದಿನಕ್ಕೊಮ್ಮೆ ತನ್ನ ದಡ್ಡತನವನ್ನು ಎದುರಿಗಿಟ್ಟುಕೊಳ್ಳುವುದು. ಹುಡುಗರಿಗೆ ಇದು ಅಭ್ಯಾಸ. ಮನೆಯ ಯಜಮಾನನಿಗೆ, ಹೆಂಡತಿಯ ಮುಂದೆ, ಹೊಸ್ತಿಲ ಬಳಿ ಕುಳಿತು “ಗೊತ್ತಿಲ್ಲ” ಎನ್ನುವುದು ಸುಲಭವಲ್ಲ. ಎಷ್ಟೋ ಸಂಜೆ ನಾನು ಸಿಡುಕಿದ್ದುಂಟು, ಪುಸ್ತಕ ಕಿತ್ತುಕೊಂಡದ್ದುಂಟು. ಮತ್ತೆ ಮತ್ತೆ ಓದುವುದು ಅಷ್ಟು ಹಿತವಾಗಿರುವುದೇಕೆಂದರೆ, ಅದು ನಮ್ಮನ್ನು ಎಂದೂ ಹೀಗೆ ಅವಮಾನಪಡಿಸುವುದಿಲ್ಲ.

ಮರುವರ್ಷ ಆ ಪತ್ರಿಕೆ ಪಾಸಾಯಿತು. 1990ರಲ್ಲಿ ಅವಳು ಖಾಸಗಿಯಾಗಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಹಣ ಕಟ್ಟಿದಳು. ಈಗ ಪುಸ್ತಕ ನನ್ನ ತೊಡೆಯ ಮೇಲೆ, ಅವಳು ಎದುರಿಗೆ. ಸಮಾಜ ವಿಜ್ಞಾನದ ಪ್ರಶ್ನೆಯೊಂದಕ್ಕೆ ಅವಳು ತಡವರಿಸಿದಾಗ ನೋಡಲಾರದೆ ಉತ್ತರದ ಮೊದಲ ಅಕ್ಷರವನ್ನು ಮೆಲ್ಲನೆ ನುಡಿದೆ. ಅವಳಿಗೆ ರೇಗಿತು. “ಸುಮ್ಮನಿರ್ರೀ! ಪರೀಕ್ಷೆ ದಿನ ನೀವು ಬಂದು ನನ್ನ ಪಕ್ಕದಲ್ಲಿ ಕೂತ್ಕೋತೀರಾ?” ಎಂದಳು. ಸುಮ್ಮನಿದ್ದೆ. ಸುಮಾರು ಹೊತ್ತಿನ ಮೇಲೆ ಉತ್ತರ ಅವಳಿಗೇ ಹೊಳೆಯಿತು.